ಸಣ್ಣ ತಿದ್ದುಪಡಿ

ಗಂಗಾವತಿ. ಮಿಲ್ಲಿನ ತೌಡು ಕೀಬೋರ್ಡಿನ ಸಂದಿಗೂ ಇಳಿದಿದೆ.
ಯಮನೂರಪ್ಪ ಕಾಂಟಾದ ಚೀಟಿ ಹಿಡಿದು ನಿಂತಿದ್ದಾನೆ:
"ದೀಪಾವಳಿ ಮುಂಚೆ ಚೀಲಕ್ಕ ಎರಡು ಕಿಲೋ ಕಡೀತಿತ್ರಿ,
ಈಗ ಎರಡೂವರಿ. ಯಾರ್ ಹೇಳ್ಯಾರ ಮಷಿನ್ನಿಗೆ?"

ಲಾಗ್ ಕೇಳಿದೆ. ಸುರಿಯಿತು,
ಡಾಲಾ ಬಿಚ್ಚಿದ ಲಾರಿಯ ಭತ್ತದಂತೆ:
ನಲವತ್ತಕ್ಷರದ ಗುರುತು, ಇಮೇಲು, ಗಳಿಗೆ, ಖಾಲಿ ಸಾಲು.
ಜರಡಿ ಹಿಡಿದೆ.
ಗುರುತು ಏಳಕ್ಷರ ಸಾಕು. ಇಮೇಲು ಬೇಡ.
ದಸರೆಯಿಂದ ಈಚೆಗೆ,
ಕಡಿತದ ಲೆಕ್ಕವಿರುವ ಕಡತವೊಂದೇ,
ಬದಲಾವಣೆಗೊಂದು ಸಾಲು,
ದಿನಕ್ಕೆ ಹಸಿರು, ಮಾತಿಗೆ ಬಿಳಿ.
ಹೆಸರು ಹಾಕಲಿಲ್ಲ.
ಇಲ್ಲಿ ಬರೆಯುವವರೇ ಮೂವರು.

ಮೂರು ಸಾಲು ಉಳಿದವು. ನಡುವಿನದು
ರಾತ್ರಿ ಹನ್ನೊಂದೂ ನಲವತ್ತರದು:
ಸಣ್ಣ ತಿದ್ದುಪಡಿ.

ಯಮನೂರಪ್ಪ ಪರದೆಗೆ ಬಾಗಿದ.
"ಯಾರದು ಅಂತ ಬರೂದಿಲ್ಲೇನ್ರಿ?"
ಬರುತ್ತದೆ. ಒಂದು ಶೇಕಡಾ ಚಿಹ್ನೆ, ಎರಡು ಅಕ್ಷರ.
ಕೆಂಪು ಬಣ್ಣವನ್ನೂ ನಾನೇ ಕೊಟ್ಟೆ.
ಅವನು ಕೂಡಿಸಿ ಕೂಡಿಸಿ ಓದಿದ:
ಹು, ಲಿ, ಗೆ, ಮ್ಮ.
ಚೀಟಿ ಮಡಚಿ ನನ್ನ ಮುಖ ನೋಡಿದ.

ಆ ರಾತ್ರಿ ಮಾಲೀಕರ ಫೋನು ಬಂದಿತ್ತು.
ಅದು ಕಾಣಿಸಲು
ಯಾವ ಚಿಹ್ನೆಯೂ ಇಲ್ಲ.
ಇದ್ದರೂ, ಒತ್ತಿದ ಬೆರಳು
ನನ್ನದೇ.