ಮೂರು ಚೌಕ

ಸರ್ವೆಗೆ ಬಂದ ಹುಡುಗಿ ಮೊದಲು ಕೇಳಿದ್ದೇ
ನನ್ನನ್ನು ಸ್ವಲ್ಪ ದೂರ ಹೋಗಲಿಕ್ಕೆ.
ಖಾಕಿ ಎದುರಿಗಿದ್ದರೆ ಜನ ನಿಜ ಹೇಳುವುದಿಲ್ಲವಂತೆ.
ಗೇಟಿನ ಆಚೆ ಹೋಗಿ ಹೆಬ್ಬಲಸಿನ ಬುಡದಲ್ಲಿ ಕೂತೆ,
ಮಾತು ಕೇಳುವಷ್ಟೇ ದೂರ.

ಈ ಅಂಗಿ ನನ್ನದಲ್ಲ ಎಂದು ಅವಳಿಗೆ ಹೇಳಲಿಲ್ಲ.
ದಿನಗೂಲಿ ವಾಚರನಿಗೆ ಅಂಗಿ ಯಾರು ಕೊಡುತ್ತಾರೆ?
ವರ್ಗವಾಗಿ ಹೋದ ಗಾರ್ಡು ಬಿಟ್ಟುಹೋದದ್ದು. ತೋಳು ಉದ್ದ.
ಎದೆಯ ಮೇಲೆ ಅವನ ಹೆಸರು ಕಿತ್ತ ಜಾಗದಲ್ಲಿ
ಸಾಲಾಗಿ ಸೂಜಿತೂತು.

ಜಗುಲಿಯಲ್ಲಿ ದ್ಯಾವಿ, ನನ್ನ ಸೋದರತ್ತೆ,
ಬಾಯಿ ತುಂಬ ಎಲೆಯಡಿಕೆ.
ಹುಡುಗಿಯ ಹಾಳೆಯಲ್ಲಿ ಪ್ರಶ್ನೆಗೆ ಮೂರು ಮೂರು ಚೌಕ:
ಯಾವಾಗಲೂ. ಕೆಲವೊಮ್ಮೆ. ಎಂದೂ ಇಲ್ಲ.

"ಅಭಯಾರಣ್ಯದಿಂದ ಕಿರು ಅರಣ್ಯ ಉತ್ಪನ್ನ
ಸಂಗ್ರಹಿಸಬಾರದೆಂಬ ನಿಯಮ ಪಾಲಿಸುತ್ತೀರಾ?"
"ಎಂಥದು?"
"ಸೀಗೆಕಾಯಿ, ಜೇನು, ರಾಮಪತ್ರೆ..."
"ಹಂಗೆ ಹೇಳು. ಪಾಲಿಸ್ತೀನಿ.
ಕಂದಕದ ಆಚೆ ಸೀಗೆ ಐತೆ, ಈಚೆಗೆ ಒಂದು ಕೈ ಚಾಚೈತೆ.
ಈಚೆ ಉದುರಿದ್ದು ಆರಿಸ್ತೀನಿ, ಆಚೇದು ಮುಟ್ಟಲ್ಲ.
ಗಾಳಿ ಯಾವ ಕಡೆಗೆ ಬೀಸಬೇಕು ಅಂತ
ಯಾರೂ ಬೋರ್ಡು ಬರೆಸಿಲ್ಲ."

ಪೆನ್ನು ಚೌಕದಿಂದ ಚೌಕಕ್ಕೆ ಹೋಯಿತು, ಬಂತು,
ಎಲ್ಲೂ ಕೂರಲಿಲ್ಲ.

"ಮೀನು?"
"ಹೊಳೆಗೆ ಇಳಿಯಲ್ಲ. ಕೂಣಿ ಅಟ್ಟ ಸೇರಿ ಎಂಟು ಮಳೆಗಾಲ ಆಯ್ತು.
ಆದರೆ ಆರಿದ್ರೆ ಹಿಡಿದ ಮೊದಲ ರಾತ್ರಿ
ಸೋಮವಾಹಿನಿಯಿಂದ ಹತ್ತುಮೀನು ತಾವಾಗೇ ಏರಿ
ನಮ್ಮ ಗದ್ದೆಗೆ ಬತ್ತವೆ.
ಗೇಟು ಆರಕ್ಕೇ ಹಾಕಿರ್ತಾನೆ ನನ್ನಳಿಯ.
ಅವು ಯಾರ ಹತ್ರ ಪರ್ಮಿಟ್ಟು ತಗೊಂಡ್ವು?"

ನಗು ಕೇಳಿಸಬಾರದೆಂದು ಕೆಮ್ಮಿದೆ.

"ಹಿಡಿಯುತ್ತೀರಾ?"
"ಏರುವಾಗ ಹಿಡಿಯಲ್ಲ, ಬಸುರಿ ಅವು.
ಮೊಟ್ಟೆ ಇಟ್ಟು ಇಳೀತಾವಲ್ಲ, ಆಗ. ನಾಲ್ಕು.
ಅದು ನಮ್ಮಜ್ಜಿಯ ಕಾನೂನು. ನಿನ್ನ ಹಾಳೇಲಿ ಐತಾ ನೋಡು."
ಹುಡುಗಿ ನಿಜಕ್ಕೂ ನೋಡಿದಳು,
ಹಾಳೆ ತಿರುಗಿಸಿ ಬೆನ್ನಿನ ಮೇಲೂ.

"ಸಾಕುನಾಯಿ ಒಳಗೆ ಬಿಡಬಾರದು ಎಂಬ..."
ಅತ್ತೆ ಎದ್ದು ಹೋಗಿ ಉಗುಳಿ ಬಂದಳು.

"ಕೆಂಚ ಕಾಡುಕೋಳಿ ಹಿಂದೆ ಕಂದಕ ಹಾರಿದ.
ಆರು ದಾಟಿತ್ತು.
ಈ ಕಡೆ ನಿಂತು ಕೂಗಿದೆ. ದಾಟಲಿಲ್ಲ."
"ಆಮೇಲೆ?"
"ಆಮೇಲೆ ಅಂದ್ರೆ?
ಕೂಗೋದು ನಿಲ್ಲಿಸಿದೆ."

ಆವತ್ತು ಗೇಟಿನಲ್ಲಿ ಇದ್ದವನು ನಾನು.
ಅತ್ತೆ ಗಳುವಿನವರೆಗೂ ಬಂದಳು, ಎತ್ತು ಅನ್ನಲಿಲ್ಲ.
ಎತ್ತಲೇ ಅಂತ ನಾನೂ ಕೇಳಲಿಲ್ಲ.
ಒಳಗಿದ್ದ ನಾಲ್ಕು ಮನೆ ಈಚೆಗೆ ತಂದ ವರ್ಷ
ಅವಳ ಅಂಗಳದಲ್ಲಿ ಉಳಿದ ಒರಳನ್ನೇ ಉರುಳಿಸಿ ತಂದು
ಗಳುವಿನ ತುದಿಗೆ ಭಾರಕ್ಕೆ ಕಟ್ಟಿದ್ದೇವೆ.
ಆ ಕಲ್ಲು ಇರುವುದರಿಂದ
ಎತ್ತಲು ಒಂದು ಬೆರಳು ಸಾಕು.

ಬೆಳಗ್ಗೆ ರಿಜಿಸ್ಟರಿನಲ್ಲಿ ಬರೆದೆ:
ಸಂಜೆ ಆರರಿಂದ ಬೆಳಗಿನ ಆರು, ಯಾರ ಪ್ರವೇಶವೂ ಇಲ್ಲ.
ಕೆಂಪು ಶಾಯಿಯಲ್ಲಿ ಸಾಹೇಬರು ಸರಿ ಹಾಕಿದರು.

ಹುಡುಗಿ ಹೊರಟಾಗ ಸ್ಕೂಟರಿನ ನಂಬರು ಬರೆಸಿಕೊಂಡೆ.
ಚಿಕ್ಕಮಗಳೂರಿಗೆ ಕತ್ತಲಾಗುವ ಮೊದಲು ಸೇರಬೇಕು, ತಿರುವುಗಳು ಜಾಸ್ತಿ, ಅಂದೆ.
"ನನಗೇನೂ ಪ್ರಶ್ನೆ ಇಲ್ಲವಾ?"
"ನೀವು ಇಲಾಖೆ ಕಡೆ ಬರ್ತೀರಲ್ಲ ಸರ್, ಸ್ಯಾಂಪಲ್ಲಿಗೆ ಆಗಲ್ಲ."
ಸಹಿ ಹಾಕಲು ಬಗ್ಗಿದಾಗ ಹಾಳೆ ಕಂಡಿತು.

"ಯಾವುದಕ್ಕೆ ಗುರುತು ಹಾಕಿದಾಳೆ?" ಅತ್ತೆ.
"ಯಾವಾಗಲೂ."
"ನಾಯಿಗಾ?"
"ನಾಯಿಗೆ."
"ಮೀನಿಗೆ?"
"ಖಾಲಿ ಬಿಟ್ಟಿದಾಳೆ."

ಅತ್ತೆ ತುಂಬ ಹೊತ್ತು ಕಂದಕದ ಕಡೆಗೇ ನೋಡಿದಳು.
ಸೀಗೆಯ ಕೈ ಅಲುಗುತ್ತಿತ್ತು, ಒಂದು ಕಾಯಿಯೂ ಬೀಳಲಿಲ್ಲ.
"ಆರಾಯ್ತು ಕಣೋ," ಅಂದಳು,
"ಗೇಟು ಹಾಕು."