ಏಳನೇ ಬಾಬತ್ತು

ಅರ್ಜಿಯ ಹನ್ನೊಂದನೇ ಪುಟದಲ್ಲಿ ಖರ್ಚಿನ ಪಟ್ಟಿ.
ಟೈಪು ಮಾಡಿದವಳು ನಾನು, ಅದಕ್ಕೇ ಬಾಯಿಪಾಠ.
ಒಂದು: ಯಂತ್ರದ ಬಾಡಿಗೆ, ತಾಸಿನ ಲೆಕ್ಕ,
ರಾತ್ರಿ ಎರಡರ ಮೇಲೆ ಮಾತ್ರ
(ಹಗಲೆಲ್ಲ ಅದು ಸೊಂಟನೋವಿನವರದ್ದು, ರೊಕ್ಕ ಕೊಟ್ಟವರದ್ದು).
ನಾಲ್ಕು: ಕೂಸಿನ ಕಿವಿಗೆ ಮೆತ್ತನೆ ಮುಚ್ಚಳ, ನಲವತ್ತು ಜೊತೆ.
ಏಳು: ತಾಯಂದಿರಿಗೆ ಬಸ್ ಚಾರ್ಜು,
ಆರು ತಿಂಗಳಿಗೊಮ್ಮೆ, ಎರಡು ವರ್ಷದ ತನಕ,
ದೇವದುರ್ಗ, ಮಸ್ಕಿ, ಗಬ್ಬೂರು, ಹೋಗಿ ಬರಲು
(ಹೆಂಗಸರಿಗೆ ಬಸ್ಸು ಪುಕ್ಕಟೆಯಾಗುವ ಮುಂಚಿನ ಮಾತು).

ದಿಲ್ಲಿಯ ಉತ್ತರ ನಯವಾಗಿತ್ತು.
ವಿಷಯ ಮಹತ್ವದ್ದು, ಸಮಿತಿ ಒಪ್ಪುತ್ತದೆ.
ಆದರೆ ರಾಯಚೂರೇ ಯಾಕೆ?
ಮತ್ತು ಬಾಬತ್ತು ಏಳು ಸಂಶೋಧನೆಯ ಖರ್ಚಲ್ಲ, ಕೈಬಿಡಿ.
ಕೆಂಪು ಗೆರೆ, ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ.

ಡಾಕ್ಟರ್ ನಾಗವೇಣಿ ಕನ್ನಡಕ ತೆಗೆದು ಒರೆಸಿದರು.
ಬೇಸಗೆಯಲ್ಲಿ ಅವರಿಗೆ ಸಿಟ್ಟು ಬರುವುದಿಲ್ಲ, ಸುಸ್ತು ಬರುತ್ತದೆ.
"ರಾಯಚೂರೇ ಯಾಕಂದ್ರ, ಕೂಸು ಇಲ್ಲೇ ಅದಾವಲ್ಲ.
ಇದನ್ನ ಇಂಗ್ಲಿಷಿನಾಗ ಒಂದು ಪುಟ ಮಾಡು, ಮುಬೀನಾ."

ಆ ರಾತ್ರಿ ಬಂದದ್ದು ಲಿಂಗಸುಗೂರಿನ ಕಡೆಯ ಕೂಸು.
ಹುಟ್ಟಿದಾಗ ಅಳಲಿಲ್ಲ.
ಅಳಲಿಲ್ಲ ಅನ್ನುವುದು ಒಂದೇ ಮಾತು;
ನಮ್ಮ ಫಾರ್ಮಿನಲ್ಲಿ ಅದಕ್ಕೆ ನಿಮಿಷದ ಖಾನೆಗಳಿವೆ:
ಒಂದು, ಐದು, ಹತ್ತು.
ಹತ್ತರಲ್ಲಿ ಕುಂಯ್ ಅಂದಿತ್ತಂತೆ, ಬೆಕ್ಕಿನ ಮರಿಯಷ್ಟು.

ಇಂದಿಗೆ ಐದನೇ ದಿನ. ಗಾಯ ಇದ್ದರೆ
ಚಿತ್ರದಲ್ಲಿ ಬೆಳ್ಳಗೆ ಕಾಣುವ ದಿನ.
ವಾರ ದಾಟಿದರೆ ಮಸುಕು, ಏನೂ ಆಗೇ ಇಲ್ಲವೆಂಬ ಹಾಗೆ.

ಮ್ಯಾಗ್ನೆಟ್ಟಿನ ಹತ್ತಿರ ಲೋಹ ಹೋಗುವಂತಿಲ್ಲ.
ಸಂಜೆಯಷ್ಟೇ ಅಜ್ಜಿ ತೊಡಿಸಿದ್ದ ಬೆಳ್ಳಿ ಕಡಗ ಬಿಚ್ಚಿದೆವು,
ಉಡುದಾರದ ತಾಯತ ಬಿಚ್ಚಿದೆವು,
ಕುಂಚಿಗೆಯ ಗೆಜ್ಜೆ ಒಂದೊಂದೇ ಕತ್ತರಿಸಿದೆವು.
ಅಮರೇಶ ಕಿವಿಗೆ ಅರಳೆ ಇಟ್ಟು ಮೇಲೆ ಮುಚ್ಚಳ ಹಾಕಿದ.
ಹಾಲು ಕುಡಿಸಿ, ಬಟ್ಟೆ ಸುತ್ತಿ, ಕಾದೆವು.
ಹೊಟ್ಟೆ ತುಂಬಿದ ನಿದ್ದೆಯೇ ನಮ್ಮ ಅರಿವಳಿಕೆ.
ಅದಕ್ಕೆ ಬಾಬತ್ತು ಇಲ್ಲ.

ಅಜ್ಜಿ ಹುಲಿಗೆಮ್ಮ ನನ್ನ ತೋಳು ಹಿಡಿದಳು.
"ಒಂದು ಬಿಳಿ ಹಾಳಿ ಕೊಡವ್ವ, ಒಂದು ಪೆನ್ನು.
ಇವತ್ತು ಶೆಟಿಗೆವ್ವ ಬರೂ ರಾತ್ರಿ. ಹಣಿಬರಹ ಬರೀತಾಳ.
ಮನ್ಯಾಗಿದ್ರ ಮೊರದಾಗ ಇಡತಿದ್ದೆ."
ನಮ್ಮ ಮನೆಯಲ್ಲೂ ಛಟ್ಟಿ ಮಾಡುತ್ತಾರೆ, ನನಗೆ ನಗು ಬರಲಿಲ್ಲ.
ಬಂದದ್ದು ಚಿಂತೆ: ಈ ಎಸಿ ಕೋಣೆಯ ಹೊಸ್ತಿಲಲ್ಲಿ
ಕೊರಳ ಸರ ತೆಗೆದಿಡು ಅಂದರೆ
ತೆಗೆದಿಟ್ಟಾಳೆಯೇ ಆ ತಾಯಿ?

ಚೀಲದಲ್ಲಿ ಹನ್ನೊಂದನೇ ಪುಟವೊಂದೇ ಇತ್ತು, ಹಿಂಬದಿ ಖಾಲಿ.
ಕೊಟ್ಟೆ.
ಹಾಳೆ ಒಳಗೆ ಹೋಗಲಿ, ಪೆನ್ನು ಬೇಡ, ಅಂದ ಅಮರೇಶ.
"ಇರಲಿ ಬಿಡಪ, ಅಕಿ ತನ್ನ ಪೆನ್ನು ತಾನೇ ತರ್ತಾಳ."

ಹತ್ತಿ ಜಿನ್ನಿನ ಪಕ್ಕ ಬೆಳೆದವಳು ನಾನು, ಸದ್ದು ಹೊಸದಲ್ಲ.
ಆದರೂ ಈ ಯಂತ್ರದ್ದು ಬಾಗಿಲು ಬಡಿಯುವವರ ಸದ್ದು:
ಒಳಗೆ ಯಾರಿದ್ದೀರಿ, ಒಳಗೆ ಯಾರಿದ್ದೀರಿ.
ಇಪ್ಪತ್ತೆಂಟು ನಿಮಿಷ ಕೂಸು ಮಿಸುಕಲಿಲ್ಲ.
ಪರದೆಯ ಮೇಲೆ ಮಿದುಳು ಬಂತು,
ಆಗಷ್ಟೇ ಸುಲಿದ ತಾಟಿನುಂಗಿನ ಹಾಗೆ.
ನಡುವೆ, ಎರಡೂ ಬದಿಗೆ,
ಜೋಳದ ಕಾಳಿನಷ್ಟು ಬಿಳುಪು.

ನಾಗವೇಣಿ ಬಹಳ ಹೊತ್ತು ನೋಡಿದರು.
"ಇದರ ಅರ್ಥ ಇವತ್ತ ಹೇಳಾಕ ಬರಲ್ಲ.
ನಡೀತದೋ, ಮಾತಾಡತದೋ, ಎರಡು ವರ್ಷ ನೋಡಬೇಕು.
ನೋಡಬೇಕಂದ್ರ ಬರಬೇಕು. ಬರಬೇಕಂದ್ರ..."
ಅಲ್ಲಿಗೇ ನಿಲ್ಲಿಸಿದರು.

ಬೆಳಗಿನ ಐದಕ್ಕೆ ಹುಲಿಗೆಮ್ಮ ಹಾಳೆ ಹಿಡಿದು ತೋರಿಸಿದಳು.
ಖಾಲಿ ಬದಿ ಖಾಲಿಯೇ.
"ಬರದಾಳ. ನಮಗ ಕಾಣಲ್ಲ, ಅಷ್ಟ."
ಮಗುಚಿ, ಆ ಕೆಂಪಿನ ಮೇಲೆ ಬೆರಳಿಟ್ಟಳು.
"ಇದೇನವ್ವ?"
ಬಸ್ ಚಾರ್ಜು, ಅಂದೆ.
"ಗೆರಿ ಹೊಡದೋರು ಯಾರು?"

ಶೆಟಿಗೆವ್ವನ ಬದಿಯಲ್ಲಿ ಬರೆಯುವ ಧೈರ್ಯ ನನಗಾಗಲಿಲ್ಲ.
ಅಮರೇಶನ ರಿಜಿಸ್ಟರಿನಿಂದ ಒಂದು ಹಾಳೆ ಹರಿದುಕೊಂಡು ಕೂತೆ.
ರಾಯಚೂರೇ ಯಾಕೆ, ಅಂತ ಮೇಲೆ ಬರೆದು
ಕೆಳಗೆ ಬರೆದೆ:
ಲಿಂಗಸುಗೂರು, ಹೋಗಿ ಬರಲು.
ತಾಯಿ ಒಂದು, ಅಜ್ಜಿ ಒಂದು.
ಕೂಸಿಗೆ ಟಿಕೀಟಿಲ್ಲ.