ಚೆಕ್ಕುಬಂದಿ

ಪೂರ್ವಕ್ಕೆ ಬಚ್ಚಲ ಗ್ವಾಡಿ, ಪಶ್ಚಿಮಕ್ಕೆ ರುಖಿಯಾ ಆಪಾನ ನಿಂಬಿಗಿಡ,
ಉತ್ತರಕ್ಕೆ ಗಟಾರ, ದಕ್ಷಿಣಕ್ಕೆ ಅರಿವಿ ಒಣಹಾಕೋ ತಂತಿ.
ಇದರ ನಡುವಿನ ಹತ್ತು ಫೂಟ್ ಉದ್ದ, ಆರು ಫೂಟ್ ಅಗಲದ ಕೆಂಪು ಮಣ್ಣು
ನಂದು.
ದಿನಾ ಕಚೇರಿ ಮುಂದ ಕುಂತು ಮಂದಿ ಜಮೀನು ಬರೀತೀನಿ,
ನಂದೂ ಒಮ್ಮಿ ಬರೀಬೇಕಲ್ಲ ಅಂತ
ಐತವಾರ ಮುಂಜಾನಿ ಹಿಂಗ ಬಾಯಾಗೇ ಬರದೆ,
ಕೈಯಾಗ ಆರು ಬದನಿ ಅಗಿ, ಒದ್ದಿ ಚಿಂದ್ಯಾಗ ಸುತ್ತಿದ್ದು.

ಬಿಸಿಲು ಏರೋದ್ರಾಗ ನೆಟ್ಟುಬಿಡಬೇಕು.
ಹತ್ತು ನಿಮಿಷದ ಕೆಲಸ.

ಮೊದಲನೇ ಗುಂಡಿ ತೋಡಿದೆ. ಖರೇ, ತೋಡಿದೆ.
ಕೆಂಪುಕಲ್ಲಿಗಿ ಬಡದು ಖುರ್ಪಿ ಠಣ್ ಅಂತು, ಹಿಡಿ ಸಡಲಾಯ್ತು.
ಹಿಡಿಗಿ ಬೆಣಿ ಬೇಕು, ಬೆಣಿಗಿ ಕಟ್ಟಿಗಿ ಚೂರು,
ಚೂರು ಹಳೇ ಮಂಚದ ಕೆಳಗ,
ಮಂಚದ ಕೆಳಗ ಟ್ರಂಕು,
ಟ್ರಂಕಿನ ಮ್ಯಾಗ ಬೀಜದ ಪುಡಿಕಿ ಕಟ್ಟಿದ ಹಳೇ ಪೇಪರ್:
ವಧು ಬೇಕಾಗಿದೆ, ವರನಿಗೆ ಮೂವತ್ನಾಲ್ಕು, ಸ್ವಂತ ಟಂಟಂ ಇದೆ.
ಅವನಿಗಿ ಸಿಕ್ಕಳೋ ಇಲ್ಲೋ ಅಂತ
ಅಲ್ಲೇ ನೆಲಕ್ಕ ಕುಂತು ವಿಚಾರ ಮಾಡಿದೆ.
ತಾರೀಖು ನೋಡಿದ್ರ ಹನ್ನೊಂದು ವರ್ಷದ್ದು.
ಟಂಟಂ ಅಂತೂ ಗುಜರಿಗಿ ಹೋಗಿರಬೇಕು.

ಬೆಣಿ ಬಡಕೊಂಡು ಹೊರಗ ಬಂದ್ರ ವಿಮಾನ.
ನಮ್ಮ ಚಿದ್ರ್ಯಾಗ ವಿಮಾನ ನೋಡಬಾರದು ಅಂತ ಕಾಯ್ದೆ ಮಾಡಬೇಕು.
ಹೊಸದಾಗಿ ಕಲಿಯೋ ಹುಡುಗ್ರು, ಮ್ಯಾಗ ಹೋಗಿ ಅಡ್ಡಾಗ್ತಾರ,
ಹೊರಳ್ತಾರ, ತಂತಿ ಮ್ಯಾಗಿನ ಲಂಗ ಸುದ್ದಾ ನಡಗ್ತದ.
ಹುಟ್ಟಿದಾಗಿಂದ ನೋಡೀನಿ, ಇವತ್ತೂ ಬಾಯಿ ತೆರಕೊಂಡು ನೋಡಿದೆ,
ಅದು ಹುಮನಾಬಾದ ಕಡಿಗಿ ಚುಕ್ಕಿ ಆಗೋ ತನಕ.
ಕುತ್ತಿಗಿ ಇಳಿಸಿದಾಗ
ಮೊದಲು ಕಂಡಿದ್ದು ಇರುವಿ.

ಸಾಲು. ಗಟಾರದಿಂದ ನಿಂಬಿಗಿಡದ ಕಡಿಗಿ,
ಒಂದು ಜೀರಂಗಿ ರೆಕ್ಕಿ ಹೊತ್ಕೊಂಡು
ಎಂಟೊಂಬತ್ತು ಮಂದಿ. ಹೆಣ ಹೊತ್ತೋರಂಗ ಅಲ್ಲ,
ಮದುವಿ ಮನಿ ಅಲಮಾರಿ ಹೊತ್ತೋರಂಗ:
ಈ ಕಡಿಗಿ, ಈ ಕಡಿಗಿ, ಅರೆ ಬಾಗಲಿಗಿ ಬಡೀತದ ನೋಡ್ರೋ!
ಅವು ಹದ್ದು ದಾಟೋ ತನಕ ನಾ ಕದಲಲಿಲ್ಲ.
ಕಚೇರ್ಯಾಗ ಇಷ್ಟು ತಾಳ್ಮಿ ಇದ್ದಿದ್ರ
ಮಂದಿ ನನ್ನ ಬಿಟ್ಟು ಬಾಜೂ ಟೇಬಲ್ಲಿಗಿ ಹೋಗ್ತಿರಲಿಲ್ಲ.

"ಜಗದೇವೀ!" ಗ್ವಾಡಿ ಆಚಿಂದ ಆಪಾ.
ಸುಣ್ಣದ ಡಬ್ಬಿ ಮುಚ್ಚಳ ಬರವಲ್ದಂತ,
ಖುರ್ಪಿ ಅದ ಏನು?
ಅದ. ಕೊಡಲಿಕ್ಕಿ ಹೋದೆ.
ಹೋದವಳಿಗಿ ಚಾ. ಚಾದ ಜೋಡಿ ಸೊಸಿ ಫರ್ಜಾನಾನ
ಬಿ.ಎಡ್ ರಿಸಲ್ಟ್, ಅದರ ಜೋಡಿ ಹಾಲಿನ ರೇಟು,
ಅಷ್ಟರಾಗ ಓಣ್ಯಾಗ ಯಾರೋ ಒದರಿದ್ರು,
ನಳ ಬಂತೋ!

ನಾಕು ದಿನಕ್ಕೊಮ್ಮಿ ಬರೋ ನೀರು
ದೊಡ್ಡ ಬೀಗತಿ ಇದ್ದಂಗ,
ಬಂದಾಗ ಎಲ್ಲಾ ಬಿಟ್ಟು ಏಳಬೇಕು.
ಬ್ಯಾರಲ್, ಕೊಡ, ಬಕೀಟು, ಕುಕ್ಕರು,
ಕಡೀಕ ಅಳಿಯಾ ಕೊಟ್ಟ ಹೂದಾನಿ.
ಸೊಂಟ ಹಿಡದು ಕಟ್ಟಿಗಿ ಒರಗಿ ಒಂದು ಕಣ್ಣು ಮುಚ್ಚಿದೆ.
ಎರಡನೇದು ತಾನಾಗೇ ಮುಚ್ಚಿತು.

ಎದ್ದಾಗ ನಿಂಬಿಗಿಡದ ನೆಳ್ಳು
ನನ್ನ ಪೂರಾ ಆಸ್ತಿ ದಾಟಿ ಬಚ್ಚಲ ಗ್ವಾಡಿ ಏರಿತ್ತು.
ಅಗಿ ಆರೂ ಕುತ್ತಿಗಿ ಚೆಲ್ಲಿದ್ದವು.
ನೀರು ಚಿಮುಕಿಸಿದೆ. ನಾಚಿಕಿ ಆಯ್ತು ಅಂತ ಬರಕೊಳ್ರಿ.

ಊಟ ಆದ ಮ್ಯಾಗ, ಮೊಬೈಲ್ ಬೆಳಕು ಹಿಡಕೊಂಡು
ಮುಂಜಾನಿ ತೋಡಿದ ಒಂದೇ ಒಂದು ಗುಂಡಿ ಬಲ್ಲಿ ಹೋದ್ರ
ಅದರಾಗ ಕಪ್ಪಿ.
ಅಳತಿ ಕೊಟ್ಟು ಹೊಲಿಸಿದಂಗ ಕುಂತದ,
ಗದ್ದ ಉಬ್ಬಿಸಿ ಇಳಿಸಿ, ಕಣ್ಣಾಗ ನನ್ನ ಬೆಳಕು ಇಟ್ಕೊಂಡು,
ಏಳೋ ಮಾತೇ ಇಲ್ಲ.
ಹೆಸರಿಲ್ಲ, ತಂದಿ ಹೆಸರಿಲ್ಲ, ಸ್ಟಾಂಪಿಲ್ಲ, ಸಾಕ್ಷಿ ಇಲ್ಲ.
ಕಬ್ಜಾ.
ಇಪ್ಪತ್ತು ವರ್ಷ ಬರದೀನಿ ಈ ಶಬ್ದ,
ಮಾರಿ ನೋಡಿದ್ದು ಇವತ್ತ.

ಇರಲಿ. ಬ್ಯಾರೆ ಗುಂಡಿ ತೋಡೋಣ ಅಂತ
ಬಾಜೂಕ ಕೈ ಚಾಚಿದೆ.
ಬರೇ ಮಣ್ಣು.

ಗ್ವಾಡಿ ಆಚಿ ಆಪಾನ ದೀಪ ಆರಿತ್ತು.
ಹಸೀ ಸುಣ್ಣದ ವಾಸನಿ ಬರ್ಲತ್ತಿತ್ತು.